ಆಟಿಸಂ ಇರುವ ಮಗುವಿಗೆ ಮನೆಯಲ್ಲಿ ಏನೇನು ಮಾಡಬಹುದು? ಕಾಸರಗೋಡಿನ ಕನ್ನಡ ಮನೆಗಳಿಗೆ

ಅಡ್ಕಸ್ಥಳ
ಥೆರಪಿ ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಮಗು ಮನೆಯವರ ಕೈಯಲ್ಲೇ. ಹಾಗಾಗಿ ಈ ಚರ್ಚೆಯಲ್ಲಿ ನಾವೆಲ್ಲ, ಊರು, ಹೊಳೆ, ಗುಡ್ಡದ ಹೆಸರಿನಲ್ಲಿ, ಮನೆಯೊಳಗಿನ ಕೆಲಸದ ಬಗ್ಗೆ ಮಾತ್ರ ಬರೆಯೋಣ. ಮಗುವಿಗೆ 3ರಿಂದ 8 ವರ್ಷ, ಮಾತು ಇಲ್ಲ ಅಥವಾ ನಾಲ್ಕಾರು ಪದ ಉಂಟು ಎಂದು ಇಟ್ಟುಕೊಳ್ಳಿ. ಅನುಭವ ಕಥನಕ್ಕೆ ಬೇರೆ ಚರ್ಚೆ ಉಂಟು. ಇಲ್ಲಿ ಅಳತೆ, ಕ್ರಮ, ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ, ಇಷ್ಟು ಸಾಕು.

ಮೊದಲ ಪ್ರಶ್ನೆ ಭಾಷೆಯದ್ದು. ಮನೆಯಲ್ಲಿ ಹವ್ಯಕವೋ ತುಳುವೋ, ಶಾಲೆಯಲ್ಲಿ ಕನ್ನಡ, ಥೆರಪಿಯವರದ್ದು ಮಲಯಾಳ, ಫೋನಿನಲ್ಲಿ ಇಂಗ್ಲಿಷ್ ಪದ್ಯ. "ಒಂದೇ ಭಾಷೆ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ" ಎಂದು ಹೇಳಿ ಕಳಿಸುವವರಿದ್ದಾರೆ. ಹಾಗಾದರೆ ಯಾವ ಭಾಷೆ?

ಮಧುವಾಹಿನಿ (ಸ್ಪೀಚ್ ಥೆರಪಿಸ್ಟ್)
ಮನೆಮಾತು. ಇದರಲ್ಲಿ ಅನುಮಾನ ಬೇಡ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂದು ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನಷ್ಟ ಆಗುವುದು ಮನೆಮಾತು ಬಿಟ್ಟಾಗ. ತನ್ನದಲ್ಲದ ಭಾಷೆಯಲ್ಲಿ ಅಮ್ಮ ಮಾತಾಡಲು ಹೊರಟರೆ ಉಳಿಯುವುದು "ಬಾ, ಕೂತುಕೋ, ಬೇಡ" ಇಷ್ಟೇ. ಮುದ್ದು ಮಾಡುವುದು, ಪದ್ಯ ಹೇಳುವುದು, ಅಡಿಗೆ ಮಾಡುತ್ತಾ ಸುಮ್ಮನೆ ಮಾತಾಡುವುದು ಎಲ್ಲ ನಿಂತುಹೋಗುತ್ತದೆ. ಮಗುವಿನ ಹತ್ತಿರ ದಿನವಿಡೀ ಕೂತಿರುವ ಅಜ್ಜಿಗೆ ಆಡಲು ಮಾತೇ ಇರುವುದಿಲ್ಲ.

ಆದರೆ ಮೂರೂ ಕಡೆಯವರ ನಡುವೆ ಒಪ್ಪಂದ ಬೇಕು. ಇಪ್ಪತ್ತು ಪದಗಳ ಒಂದು ಹಾಳೆ ಮಾಡಿ: ನೀರು, ಊಟ, ಬಾ, ಕೊಡು, ಬೇಕು, ಬೇಡ, ಸಾಕು, ಇನ್ನೊಮ್ಮೆ, ಮುಗಿಯಿತು, ನೋವು, ಮೂತ್ರಕ್ಕೆ ಹೋಗುವುದು, ಹೀಗೆ. ಪ್ರತಿ ಪದದ ಎದುರು ಮನೆಯಲ್ಲಿ ಹೇಳುವ ಮಾತು, ಶಾಲೆಯ ಕನ್ನಡ, ಮಲಯಾಳ. ಥೆರಪಿಯವರಿಗೆ ಒಂದು ಪ್ರತಿ, ಟೀಚರಿಗೆ ಒಂದು ಪ್ರತಿ. ಮನೆಯಲ್ಲಿ ನೀರು, ತುಳುವಿನಲ್ಲಿ ನೀರ್. ಥೆರಪಿಗೆ ಹೋದರೆ ಮಲಯಾಳದ "ವೆಳ್ಳಂ". ಅದು ಈ ಮಗುವಿನ ಕಿವಿಗೆ ಬೆಲ್ಲದ ಹಾಗೆ ಕೇಳಿದರೆ ಆಶ್ಚರ್ಯ ಇಲ್ಲ. ಮಾತಿನ ಜೊತೆ ಅದೇ ಚೊಂಬಿನ ಚಿತ್ರ ಮೂರೂ ಕಡೆ ಇದ್ದರೆ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ. ಪದ ಮೂರು ಇರಲಿ, ಚಿತ್ರ ಒಂದೇ ಇರಲಿ.

ಇನ್ನೊಂದು ಸಣ್ಣ ವಿಷಯ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಾವು ಮಗುವಿನ ಹತ್ತಿರ "ನೀರು ಬೇಕಾ?" ಎಂದು ಕೇಳುತ್ತೇವೆ. ಕೇಳಿದ್ದನ್ನೇ ತಿರುಗಿ ಹೇಳುವ ಮಗು ನೀರು ಬೇಕಾದಾಗ "ಬೇಕಾ" ಎನ್ನುತ್ತದೆ. ತುಳು ಮನೆಯಲ್ಲಿ "ಬೋಡಾ". ಮಗು ತಪ್ಪು ಹೇಳುತ್ತಿಲ್ಲ, ನಾವು ಕಲಿಸಿದ ವಾಕ್ಯವನ್ನೇ ಹೇಳುತ್ತಿದೆ. ಆದ್ದರಿಂದ ಪ್ರಶ್ನೆ ಕಡಿಮೆ ಮಾಡಿ. ಮಗು ಚೊಂಬಿನ ಕಡೆ ನೋಡಿದ ತಕ್ಷಣ ಮಗು ಹೇಳಬೇಕಾದ ರೂಪವನ್ನೇ ನೀವು ಹೇಳಿ: "ನೀರು ಬೇಕು." ಹೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹೆಚ್ಚಿನವರು ಎರಡು ಎಣಿಸುವುದರೊಳಗೆ ಮತ್ತೊಮ್ಮೆ ಹೇಳುತ್ತಾರೆ, ಮಗುವಿಗೆ ಉತ್ತರ ಹುಡುಕಲು ಸಮಯವೇ ಸಿಗುವುದಿಲ್ಲ. ಹತ್ತು ಎಣಿಸಿದ ಮೇಲೂ ಏನೂ ಬಾರದಿದ್ದರೆ ನೀರು ಕೊಟ್ಟುಬಿಡಿ. ಮಾತು ಬರುವವರೆಗೆ ಕೊಡುವುದಿಲ್ಲ ಎಂದು ಹಟ ಹಿಡಿಯಬೇಡಿ. ಬಾಯಾರಿದ ಮಗುವಿನಿಂದ ಮಾತು ಹಿಂಡಿ ತೆಗೆಯುವುದು ಕಲಿಕೆಯಲ್ಲ.

ಮಗು ಒಂದು ಪದ ಹೇಳಿದರೆ ನೀವು ಎರಡು ಹೇಳಿ, ಅಷ್ಟೇ. "ಬಾಳೆಹಣ್ಣು" ಎಂದರೆ "ಬಾಳೆಹಣ್ಣು ಸುಲಿ". ಅದಕ್ಕಿಂತ ಉದ್ದ ಬೇಡ.

ಇದಕ್ಕೆಲ್ಲ ಮೊದಲು ಕಿವಿ ಪರೀಕ್ಷೆ ಆಗಿರಲೇಬೇಕು. ಮಗು ಸಹಕರಿಸದಿದ್ದರೆ ನಿದ್ದೆಯಲ್ಲಿ ಮಾಡುವ ಬೇರಾ (BERA) ಎಂಬ ಕಿವಿ ಪರೀಕ್ಷೆ ಉಂಟು. ಕನ್ನಡದಲ್ಲೇ ಮಾತಾಡಿ ಪರೀಕ್ಷೆ ಮಾಡುವ ದೊಡ್ಡ ಸಂಸ್ಥೆ ಎಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

ಪಯಸ್ವಿನಿ (ವಿಶೇಷ ಶಿಕ್ಷಕಿ)
ಮಧುವಾಹಿನಿಯಕ್ಕ ಹೇಳಿದ ಆ ಚಿತ್ರ ಹೇಗಿರಬೇಕು ಎಂದು ವಿವರವಾಗಿ ಬರೆಯುತ್ತೇನೆ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ.

ಇಂಟರ್ನೆಟ್ಟಿನ ಚಿತ್ರ ತೆಗೆಯಬೇಡಿ. ಸ್ನಾನ ಎಂದು ಬಿಳಿ ತೊಟ್ಟಿಯ ಚಿತ್ರ ತೋರಿಸಿದರೆ ನಮ್ಮ ಬಚ್ಚಲಿನ ಬಾಲ್ದಿಗೂ ಅದಕ್ಕೂ ಮಗುವಿಗೆ ಸಂಬಂಧವೇ ಕಾಣುವುದಿಲ್ಲ. ನಿಮ್ಮ ಬಾಲ್ದಿ, ನಿಮ್ಮ ಚೊಂಬು, ಮಗು ದಿನವೂ ಕೂರುವ ಮಣೆ, ಅದರದ್ದೇ ಫೋಟೋ ಬೇಕು. ಒಂದು ಬಣ್ಣದ ಬಟ್ಟೆ ಹಾಸಿ, ಕಿಟಕಿ ಬದಿಯ ಹಗಲು ಬೆಳಕಿನಲ್ಲಿ, ಒಂದು ಫೋಟೋದಲ್ಲಿ ಒಂದೇ ವಸ್ತು. ಹಿಂದೆ ಕ್ಯಾಲೆಂಡರೋ ಬೆಕ್ಕೋ ಕಂಡರೆ ಮಗು ಅದನ್ನೇ ನೋಡುತ್ತದೆ. ಫೋಟೋ ತೆಗೆಯಲಾಗದ ವಿಷಯಗಳಿಗೆ, ಉದಾಹರಣೆಗೆ "ಕಾಯಬೇಕು", "ಮುಗಿಯಿತು" ಎಂಬಂಥವಕ್ಕೆ, ಸ್ಪೇನಿನ ಅರಾಗಾನ್ ಸರಕಾರದ ಅರಾಸಾಕ್ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಮಾರಾಟ ಮಾಡದೆ ಮನೆ, ಶಾಲೆಗಳಲ್ಲಿ ಬಳಸಲು ಅನುಮತಿ ಉಂಟು.

ಅಳತೆ 6 ಸೆಂ.ಮೀ. ಚೌಕ. ಒಂದು ಎ4 ಹಾಳೆಯಲ್ಲಿ ಹನ್ನೆರಡು ಬರುತ್ತವೆ. ಮೊದಲು ಕತ್ತರಿಸಿ, ಆಮೇಲೆ ಲ್ಯಾಮಿನೇಟ್ ಮಾಡಿಸಿ. ಜೆರಾಕ್ಸ್ ಅಂಗಡಿಯವರು ಇಡೀ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಮತ್ತೆ ಕತ್ತರಿಸಿ ಕೊಡುತ್ತಾರೆ. ಹಾಗೆ ಮಾಡಿದರೆ ಕಾಗದದ ಅಂಚು ತೆರೆದಿರುತ್ತದೆ, ಮಳೆಗಾಲದ ಥಂಡಿ ಒಳಗೆ ಹೋಗಿ ಆಟಿ ತಿಂಗಳಿಗಾಗುವಾಗ ಚಿತ್ರವೆಲ್ಲ ಬೂಸ್ಟು. ಪ್ರತಿ ಚಿತ್ರದ ಸುತ್ತ 3 ಮಿ.ಮೀ. ಪ್ಲಾಸ್ಟಿಕ್ ಅಂಚು ಉಳಿಯುವ ಹಾಗೆ ನೋಡಿಕೊಳ್ಳಿ, ಮೂಲೆಗಳನ್ನು ಉರುಟು ಮಾಡಿ. ಹಿಂದುಗಡೆ ವೆಲ್ಕ್ರೋ: ಮೆತ್ತಗಿನ ಭಾಗ ಕಾರ್ಡಿಗೆ, ಒರಟು ಭಾಗ ಬೋರ್ಡಿಗೆ. ಮನೆಯ ಎಲ್ಲ ಕಾರ್ಡಿಗೂ ಒಂದೇ ಕ್ರಮ ಇರಲಿ, ಇಲ್ಲದಿದ್ದರೆ ಒಂದು ಬೋರ್ಡಿನ ಕಾರ್ಡು ಇನ್ನೊಂದಕ್ಕೆ ಅಂಟುವುದಿಲ್ಲ.

ಮೊದಲು ಮಾಡಬೇಕಾದ್ದು "ಮೊದಲು – ಆಮೇಲೆ" ಬೋರ್ಡು. ಎಡದಲ್ಲಿ ಮಾಡಬೇಕಾದ ಕೆಲಸ, ಬಲದಲ್ಲಿ ಮಗುವಿಗೆ ಇಷ್ಟದ್ದು. ಮೊದಲು ಹಲ್ಲುಜ್ಜುವುದು, ಆಮೇಲೆ ಉಯ್ಯಾಲೆ. ಹೇಳುವ ಮಾತೂ ಅಷ್ಟೇ ಇರಲಿ: "ಮೊದಲು ಹಲ್ಲು, ಆಮೇಲೆ ಉಯ್ಯಾಲೆ." ಎಡದ ಕೆಲಸ ಮೊದಲ ವಾರ ಒಂದು ನಿಮಿಷದ್ದು ಇದ್ದರೆ ಸಾಕು. ಎರಡು ಕಡೆ ಕೆಡುತ್ತದೆ. ಕೆಲಸ ಮುಗಿದ ಮೇಲೆ "ಇನ್ನೊಂದು ಸಲ ಸರಿಯಾಗಿ ಮಾಡು" ಎಂದು ಬಲದ ಕಾರ್ಡನ್ನು ಮುಂದೂಡುವುದು ಒಂದು. ಮಗು ಸಿಟ್ಟು ಮಾಡಿತೆಂದು ಬಲದ ಕಾರ್ಡನ್ನು ಕಿತ್ತು ತೆಗೆಯುವುದು ಇನ್ನೊಂದು. ಎರಡರಲ್ಲೂ ಬೋರ್ಡು ಸುಳ್ಳು ಹೇಳಿದ ಹಾಗಾಗುತ್ತದೆ, ಮಗು ಮತ್ತೆ ಅದರ ಕಡೆ ನೋಡುವುದಿಲ್ಲ.

ಇದು ಎರಡು ಮೂರು ವಾರ ಸರಿಯಾಗಿ ನಡೆದ ಮೇಲೆ ದಿನದ ಪಟ್ಟಿ. ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಯಲ್ಲಿ, ಮೇಲಿಂದ ಕೆಳಗೆ, ಶುರುವಿಗೆ ಮೂರೇ ಕಾರ್ಡು. ಕೆಳಗೆ ಒಂದು ಖಾಲಿ ಡಬ್ಬ, ಮುಚ್ಚಳದಲ್ಲಿ ಸೀಳು. ಕೆಲಸ ಆದ ಕೂಡಲೇ ಮಗುವೇ ಕಾರ್ಡು ತೆಗೆದು ಡಬ್ಬಕ್ಕೆ ಹಾಕಬೇಕು. ಕಾರ್ಡು ಬೀಳುವ ಸದ್ದೇ "ಮುಗಿಯಿತು" ಎನ್ನುವುದರ ಅರ್ಥ.

ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ಕಲೆಕ್ಟರ್ ರಾತ್ರಿ ಮಳೆ ರಜೆ ಸಾರುತ್ತಾರೆ. ಬೆಳಿಗ್ಗೆ ಶಾಲೆಯ ಕಾರ್ಡು ಇದ್ದ ಜಾಗದಲ್ಲಿ ಏನೂ ಇಲ್ಲದಿದ್ದರೆ ಮಗು ಯೂನಿಫಾರ್ಮ್ ಹಿಡಿದು ಗೇಟಿನಲ್ಲಿ ನಿಂತು ಕೂಗುತ್ತದೆ. ಅದಕ್ಕೆ "ಬದಲಾವಣೆ" ಎಂಬ ಹಳದಿ ಕಾರ್ಡು ಮಾಡಿಡಿ. ಶಾಲೆಯ ಕಾರ್ಡನ್ನು ತೆಗೆಯಬೇಡಿ; ಮಗುವಿನ ಎದುರಿಗೇ ಅದರ ಮೇಲೆ ಕೆಂಪು ಗೀಟಿನ ಪ್ಲಾಸ್ಟಿಕ್ ಹಾಳೆ ಇಟ್ಟು, ಪಕ್ಕದಲ್ಲಿ ಹಳದಿ ಕಾರ್ಡು, ಅದರ ಪಕ್ಕ ಈಗ ನಡೆಯುವ ಸಂಗತಿ. ಈ ಹಳದಿ ಕಾರ್ಡನ್ನು ಮೇ ತಿಂಗಳಲ್ಲೇ, ಖುಷಿಯ ಬದಲಾವಣೆಗಳಲ್ಲಿ ಅಭ್ಯಾಸ ಮಾಡಿಸಿ: ದೋಸೆಯ ಬದಲು ಇಷ್ಟದ ತಿಂಡಿ, ಹೀಗೆ. ಮೊದಲ ಸಲ ರಜೆಯ ದಿನವೇ ತೋರಿಸಿದರೆ ಹಳದಿ ಬಣ್ಣ ಎಂದರೆ ಕೆಟ್ಟ ಸುದ್ದಿ ಎಂದು ಮಗು ಕಲಿಯುತ್ತದೆ.

ಕುಂಬ್ಡಾಜೆ
ಟೀಚರ್, ಕಾರ್ಡು ಕೊಟ್ಟರೆ ಬಾಯಿಗೆ ಹಾಕುತ್ತದೆ, ಇಲ್ಲವೇ ಎಸೆಯುತ್ತದೆ. ಆಗ ಏನು ಮಾಡುವುದು?

ಪಯಸ್ವಿನಿ
ಚಿತ್ರ ಎಂದರೆ ವಸ್ತುವಿನ ಗುರುತು ಎಂದು ಇನ್ನೂ ತಿಳಿದಿಲ್ಲ ಎಂದರ್ಥ. ಒಂದು ಮೆಟ್ಟಿಲು ಕೆಳಗೆ ಇಳಿಯಿರಿ, ವಸ್ತುವನ್ನೇ ಕೊಡಿ. ಸ್ನಾನಕ್ಕೆ ಮೊದಲು ಕೈಗೆ ಬೈರಾಸು, ಊಟಕ್ಕೆ ಮೊದಲು ಬಟ್ಟಲು, ಹೊರಗೆ ಹೋಗುವ ಮೊದಲು ಚಪ್ಪಲಿ. ಯಾವಾಗಲೂ ಅದೇ ಬೈರಾಸು, ಅದೇ ಬಟ್ಟಲು. ಆ ವಸ್ತು ಕೈಗೆ ಸಿಕ್ಕಿದ ಕೂಡಲೇ ಮಗು ಆ ಜಾಗಕ್ಕೆ ತಾನೇ ನಡೆಯಲು ಶುರುಮಾಡಿದರೆ ವಸ್ತುವಿನ ಜೊತೆ ಫೋಟೋ ಸೇರಿಸಿ, ಮೆಲ್ಲ ವಸ್ತು ಬಿಡಿ.

ಮಧುವಾಹಿನಿ
ದಿನದ ಪಟ್ಟಿ ನಾವು ಮಗುವಿಗೆ ಹೇಳುವುದು. ಮಗು ನಮಗೆ ಹೇಳುವುದಕ್ಕೆ ಬೇರೆ ದಾರಿ ಬೇಕು. ಕಾರ್ಡು ಕೊಟ್ಟು ಬೇಕಾದ್ದನ್ನು ಪಡೆಯುವ ಪದ್ಧತಿಗೆ ಪೆಕ್ಸ್ ಎನ್ನುತ್ತಾರೆ, 1985ರಲ್ಲಿ ಅಮೆರಿಕದಲ್ಲಿ ಬೋಂಡಿ ಮತ್ತು ಫ್ರಾಸ್ಟ್ ರೂಪಿಸಿದ್ದು. ಆರು ಹಂತ ಉಂಟು. ಮೊದಲ ಹಂತಕ್ಕೆ ಮನೆಯಲ್ಲಿ ಇಬ್ಬರು ದೊಡ್ಡವರು ಬೇಕು.

ಮಗುವಿಗೆ ತುಂಬಾ ಇಷ್ಟದ ಒಂದು ತಿಂಡಿಯನ್ನು ಕಡಲೆಬೇಳೆಯಷ್ಟು ಸಣ್ಣ ಸಣ್ಣ ಚೂರು ಮಾಡಿ. ಹೊಟ್ಟೆ ತುಂಬಿದ ಹೊತ್ತಲ್ಲ, ಸಂಜೆ ನಾಲ್ಕು ಗಂಟೆಯ ಹೊತ್ತು ಒಳ್ಳೆಯದು. ಒಬ್ಬರು ಎದುರು ಕೂತು ತಿಂಡಿ ತೋರಿಸುವುದು. ಇನ್ನೊಬ್ಬರು ಮಗುವಿನ ಹಿಂದೆ, ಮಾತಿಲ್ಲದೆ. ನಡುವೆ ನೆಲದಲ್ಲಿ ಆ ತಿಂಡಿಯ ಒಂದೇ ಕಾರ್ಡು. ಮಗು ತಿಂಡಿಗೆ ಕೈ ಚಾಚಿದಾಗ ಹಿಂದಿನವರು ಆ ಕೈಯನ್ನು ಮೆಲ್ಲ ಕಾರ್ಡಿನ ಮೇಲಿಟ್ಟು, ಎತ್ತಿಸಿ, ಎದುರಿನವರ ಅಂಗೈಗೆ ಹಾಕಿಸುವುದು. ಕಾರ್ಡು ಅಂಗೈಗೆ ಬಿದ್ದ ಆ ಕ್ಷಣವೇ ತಿಂಡಿ ಕೊಟ್ಟು "ಚಿಕ್ಕಿ!" ಎಂದು ಹೆಸರು ಹೇಳುವುದು. ಒಂದು ಕೂರಿಕೆಗೆ ಹತ್ತು ಹದಿನೈದು ಸಲ. ಹಿಂದಿನವರ ಸಹಾಯ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು: ಮೊದಲು ಕೈ ಹಿಡಿದು, ಆಮೇಲೆ ಮಣಿಕಟ್ಟು ಮುಟ್ಟಿ, ಆಮೇಲೆ ಮೊಣಕೈ ಮಾತ್ರ.

ತಪ್ಪುವುದು ಎಲ್ಲಿ? ಎದುರಿನವರು "ಏನು ಬೇಕು? ಕಾರ್ಡು ಕೊಡು" ಎನ್ನುತ್ತಾರೆ. ಹಾಗೆ ಕಲಿತ ಮಗು ಯಾರಾದರೂ ಕೇಳಿದರೆ ಮಾತ್ರ ಕೇಳುತ್ತದೆ, ತಾನಾಗಿ ಕೇಳುವುದಿಲ್ಲ. ಅಂಗೈಯನ್ನು ಮೊದಲೇ ಚಾಚಿ ಇಡುತ್ತಾರೆ, ಆಗ ಮಗು ಅಂಗೈ ಕಂಡರೆ ಮಾತ್ರ ಕಾರ್ಡು ಎತ್ತುತ್ತದೆ. ಅಭ್ಯಾಸ ಮುಗಿದ ಮೇಲೆ ಕಾರ್ಡುಗಳನ್ನು ಜಾಗ್ರತೆಯಾಗಿ ಕಪಾಟಿನ ಮೇಲೆ ಎತ್ತಿಡುತ್ತಾರೆ. ಮಗುವಿನ ಮಾತನ್ನೇ ಎತ್ತಿಟ್ಟ ಹಾಗೆ ಅದು. ಕಾರ್ಡು ಯಾವಾಗಲೂ ಮಗುವಿನ ಕೈಗೆ ಸಿಗುವಲ್ಲೇ ಇರಬೇಕು.

ಕಾರ್ಡು ಅಭ್ಯಾಸವಾದರೆ ಮಾತೇ ಬಾರದು ಎಂಬ ಭಯ ಎಲ್ಲ ಅಜ್ಜ ಅಜ್ಜಿಯರಿಗೂ ಉಂಟು. ಅದಕ್ಕೆ ಆಧಾರ ಇಲ್ಲ. ಕಾರ್ಡೋ ಮಾತಾಡುವ ಆ್ಯಪೋ ಬಳಸುವುದರಿಂದ ಬರುವ ಮಾತು ನಿಲ್ಲುವುದಿಲ್ಲ. ಕೆಲವು ಮಕ್ಕಳಲ್ಲಿ ಹೆಚ್ಚುತ್ತದೆ. ಆ್ಯಪ್ ಹಾಕುವುದಾದರೆ ನಿಮ್ಮ ಸ್ವರ ರೆಕಾರ್ಡ್ ಮಾಡಲು ಆಗುತ್ತದೋ ಎಂದು ಮೊದಲು ನೋಡಿ. ಮನೆಯ ತುಳುವೋ ಹವ್ಯಕವೋ ಅದರಲ್ಲಿ ಬರಲು ಅದೊಂದೇ ದಾರಿ.

ಶಿರಿಯ ಹೊಳೆ (ಆಕ್ಯುಪೇಶನಲ್ ಥೆರಪಿಸ್ಟ್)
ಮೈಕೈಯ ಕೆಲಸದ ಬಗ್ಗೆ ನಾನು ಬರೆಯುತ್ತೇನೆ.

ಚಡ್ಡಿ ಹಾಕಲು ಕಲಿಸುವುದು ಕೊನೆಯ ಹಂತದಿಂದ ಮೊದಲಿನ ಹಂತಕ್ಕೆ. ಎರಡೂ ಕಾಲು ತೂರಿಸಿ, ಮೊಣಕಾಲು ದಾಟಿಸಿ, ಸೊಂಟದ ಕೆಳಗೆ ನಾಲ್ಕು ಬೆರಳಷ್ಟು ಉಳಿಯುವವರೆಗೆ ನೀವೇ ಎಳೆಯಿರಿ. ಮಗುವಿನ ಎರಡೂ ಹೆಬ್ಬೆರಳನ್ನು ಇಲಾಸ್ಟಿಕ್ಕಿನ ಒಳಗಿಟ್ಟು, ಕೊನೆಯ ಆ ಎಳೆತ ಮಾತ್ರ ಮಗು ಮಾಡಲಿ. ಮುಗಿಸಿದ ಖುಷಿ ಮಗುವಿನದ್ದು. ಅದು ಸುಲಭವಾದ ಮೇಲೆ ತೊಡೆಯಿಂದ, ಆಮೇಲೆ ಮೊಣಕಾಲಿನಿಂದ. ಮೊದಲಿನಿಂದ ಕಲಿಸಲು ಹೊರಟರೆ ಅತಿ ಕಷ್ಟದ ಭಾಗ, ಎಂದರೆ ಒಂಟಿ ಕಾಲಲ್ಲಿ ನಿಂತು ಕಾಲು ತೂರಿಸುವುದು, ಮೊದಲಿಗೇ ಬರುತ್ತದೆ. ಅಲ್ಲೇ ಬಿಟ್ಟುಬಿಡುತ್ತದೆ. ಕೂತು ಹಾಕಿಸಿ, ಒಂದು ಅಳತೆ ದೊಡ್ಡ ಚಡ್ಡಿಯಲ್ಲಿ ಶುರುಮಾಡಿ.

ಹಲ್ಲುಜ್ಜುವಾಗ ಕೂಗುವುದಕ್ಕೆ ಹೆಚ್ಚಾಗಿ ಮೂರು ಕಾರಣ: ಪೇಸ್ಟಿನ ಖಾರ, ನೊರೆ, ಮತ್ತು ಯಾವಾಗ ಮುಗಿಯುತ್ತದೆ ಎಂದು ಗೊತ್ತಿಲ್ಲದಿರುವುದು. ಖಾರ ಇಲ್ಲದ ಪೇಸ್ಟು, ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಬಾಯಿಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೆ ಜೋರಾಗಿ ಹತ್ತು ಎಣಿಸಿ, ಹತ್ತಕ್ಕೆ ಬ್ರಶ್ ಹೊರಗೆ. ಮೊದಲ ವಾರ ಮೂರೇ ಎಣಿಸಿದರೂ ಅಡ್ಡಿಯಿಲ್ಲ. ಆದರೆ ಹೇಳಿದ ಲೆಕ್ಕಕ್ಕಿಂತ ಒಂದೂ ಜಾಸ್ತಿ ತಿಕ್ಕಬೇಡಿ.

ಸದ್ದು. ಮಿಕ್ಸಿ, ಕುಕ್ಕರಿನ ವಿಸಿಲ್, ಕದಿನ ಸಿಡಿಮದ್ದು, ಚೆಂಡೆ. ಮಿಕ್ಸಿ ಹಾಕುವ ಮೊದಲು ಅದರ ಫೋಟೋ ತೋರಿಸಿ, ದೂರದ ಕೋಣೆಗೆ ಹೋಗಲು ಬಿಡಿ. ಒಗ್ಗಿಸಬೇಕಾದರೆ ಸ್ವಿಚ್ಚು ಮಗುವಿನ ಕೈಯಲ್ಲಿರಲಿ: ಖಾಲಿ ಜಾರು, ಎರಡು ಸೆಕೆಂಡು, ಬಂದ್. ಸದ್ದನ್ನು ತಾನೇ ನಿಲ್ಲಿಸಬಹುದು ಎಂದು ಗೊತ್ತಾದರೆ ಭಯ ಅರ್ಧ ಇಳಿಯುತ್ತದೆ. ಕಿವಿಗೆ ಹಾಕುವ ಇಯರ್‌ಮಫ್ ಜಾತ್ರೆಗೆ, ಮದುವೆ ಹಾಲಿಗೆ, ತೆಯ್ಯಕ್ಕೆ ಸರಿ. ಇಡೀ ದಿನ ಹಾಕಿಟ್ಟರೆ ಸಾಧಾರಣ ಸದ್ದೂ ತಡೆಯದ ಹಾಗಾಗುತ್ತದೆ. ಯಕ್ಷಗಾನಕ್ಕೆ ಹೋಗುವುದಾದರೆ ಚೆಂಡೆ ಶುರುವಾಗುವ ಮೊದಲೇ ಹೋಗಿ, ಹಿಂದೆ ದೂರದಲ್ಲಿ, ಹೊರಗೆ ಹೋಗುವ ದಾರಿಯ ಬದಿಯಲ್ಲಿ ಕೂತುಕೊಳ್ಳಿ. ಮಗು ಬಳಲುವ ಮೊದಲೇ, ಹದಿನೈದು ನಿಮಿಷಕ್ಕೇ ಹೊರಡಿ.

ಉಯ್ಯಾಲೆ ಒಳ್ಳೆಯದು. ಹಳೆ ಮನೆಯ ತೊಲೆಗೆ ಎರಡು ಕಡೆ ಕಟ್ಟಿದ ಮಣೆಯ ಉಯ್ಯಾಲೆ ಸಾಕು. ಹಗ್ಗ ನೈಲಾನ್, 12 ಮಿ.ಮೀ. ತೆಂಗಿನ ನಾರಿನ ಹಗ್ಗ ಮಳೆಗಾಲದಲ್ಲಿ ಒಳಗೇ ಕುಂಬಾಗಿರುತ್ತದೆ, ಹೊರಗೆ ಕಾಣುವುದಿಲ್ಲ. ಮೊದಲು ದೊಡ್ಡವರೊಬ್ಬರು ಕೂತು ನೋಡಬೇಕು. ಮಗುವಿನ ಪಾದ ನೆಲಕ್ಕೆ ತಾಗುವಷ್ಟು ತಗ್ಗಿರಲಿ, ಕೆಳಗೆ ಹಾಸಿಗೆ. ಹಿಂದೆ ಮುಂದೆ ತೂಗುವುದು ಮಾತ್ರ, ಹತ್ತು ನಿಮಿಷ. ಗಿರಗಿರ ತಿರುಗಿಸಬೇಡಿ, ಫಿಟ್ಸ್ ಇರುವ ಮಗುವಿಗಂತೂ ಬೇಡವೇ ಬೇಡ. ಮುಖ ಬಿಳುಚಿದರೆ, ಬೆವರಿದರೆ ನಿಲ್ಲಿಸಿ. ಉಯ್ಯಾಲೆಯ ಬದಲು ಭಾರದ ಕೆಲಸವೂ ಆದೀತು: ಅಂಗಳದಿಂದ ಅಡಿಗೆ ಕೋಣೆಗೆ ಒಂದೊಂದೇ ಸುಲಿದ ತೆಂಗಿನಕಾಯಿ ತರುವುದು, ಅರ್ಧ ಬಾಲ್ದಿ ನೀರು ನೂಕುವುದು, ಚಪಾತಿ ಹಿಟ್ಟು ನಾದುವುದು. ಇವೆಲ್ಲ ಎಲ್ಲ ಮಕ್ಕಳಿಗೂ ಹಿಡಿಸುವುದಿಲ್ಲ. ಒಂದು ವಾರ ಮಾಡಿ ನೋಡಿ. ಅದರ ನಂತರ ಮಗು ಹೆಚ್ಚು ಹೊತ್ತು ಶಾಂತವಾಗಿ ಕೂತರೆ ಮುಂದುವರಿಸಿ, ಇಲ್ಲದಿದ್ದರೆ ಬಿಡಿ.

ನಿದ್ದೆಗೆಂದು ಮಾರುವ ಭಾರದ ಕಂಬಳಿಗೆ ದುಡ್ಡು ಹಾಕುವ ಮೊದಲು ಯೋಚಿಸಿ. ನಿದ್ದೆಯ ಸಮಸ್ಯೆ ಇರುವ ಆಟಿಸಂ ಮಕ್ಕಳಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಾರಣ ಕಂಬಳಿಗಿಂತ ಅದರಿಂದ ಹೆಚ್ಚು ನಿದ್ದೆ ಬರಲಿಲ್ಲ. ಸಣ್ಣ ಮಕ್ಕಳಿಗೆ ಉಸಿರು ಕಟ್ಟುವ ಅಪಾಯವೂ ಉಂಟು.

ಕುಂಬ್ಡಾಜೆ
ಕಕ್ಕಸಿನ ಅಭ್ಯಾಸ? ಆರು ವರ್ಷವಾದರೂ ಡಯಾಪರಿನಲ್ಲೇ ಎರಡಕ್ಕೆ ಹೋಗುವವರಿಗೆ?

ಪಯಸ್ವಿನಿ
ಮೊದಲು ಮಲಬದ್ಧತೆ ಉಂಟೋ ನೋಡಿ. ಮೂರು ನಾಲ್ಕು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುವುದು, ನಡುವೆ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ನೀರಾಗಿ ಸೋರುವುದು ಕಂಡರೆ ಅದು ಭೇದಿ ಅಲ್ಲ. ಒಳಗೆ ಗಟ್ಟಿಯಾದದ್ದರ ಬದಿಯಿಂದ ಸೋರುವುದು. ಮಕ್ಕಳ ಡಾಕ್ಟರಿಗೆ ತೋರಿಸಿ ಅದನ್ನು ಸರಿಮಾಡದೆ ಯಾವ ಅಭ್ಯಾಸವೂ ಹತ್ತುವುದಿಲ್ಲ. ನೋವಿನ ನೆನಪು ಇರುವ ಮಗು ತಡೆದು ಹಿಡಿಯುತ್ತದೆ.

ಆಮೇಲೆ ಮೂರು ದಿನ ಬರೆದಿಡಿ. ಅರ್ಧ ಗಂಟೆಗೊಮ್ಮೆ ಒಣಗಿತ್ತೋ ಒದ್ದೆಯೋ, ಎರಡಕ್ಕೆ ಎಷ್ಟು ಗಂಟೆಗೆ. ಒಂದರಿಂದ ಒಂದೂವರೆ ಗಂಟೆ ಒಣಗಿ ಇರುತ್ತದಾದರೆ ಶುರುಮಾಡಬಹುದು. ಒಂದಕ್ಕೆ ಕೂರಿಸುವುದು ಆ ಹೊತ್ತಿಗೆ ಹತ್ತು ನಿಮಿಷ ಮೊದಲು. ಎರಡಕ್ಕೆ ಊಟವಾಗಿ 20ರಿಂದ 30 ನಿಮಿಷದ ಮೇಲೆ, ಆಗ ಕರುಳು ತಾನಾಗಿ ಚಲಿಸುತ್ತದೆ. ಐದು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಕಮೋಡಾದರೆ ಕಾಲಿನ ಕೆಳಗೆ ಮಣೆ ಇರಲೇಬೇಕು. ಕಾಲು ತೂಗಾಡಿದರೆ ತಿಣುಕಲು ಬಲ ಸಿಗುವುದಿಲ್ಲ. ನೆಲದ ಕಕ್ಕಸಾದರೆ ಎದುರು ಗೋಡೆಗೆ ಹಿಡಿಯಲು ಒಂದು ಹಿಡಿ ಹಾಕಿ. ಹೊರಗಿನ ಕಕ್ಕಸಿಗೆ ಒಳ್ಳೆಯ ಬಲ್ಬು ಹಾಕಿ. ಜೆಟ್ ಸ್ಪ್ರೇ ಬೇಡ, ಚೊಂಬು ಮತ್ತು ಬೆಚ್ಚಗಿನ ನೀರು.

ಡಯಾಪರ್ ಬಿಡದ ಮಗುವಿಗೆ ಅದನ್ನು ಒಮ್ಮೆಲೇ ಕಿತ್ತುಕೊಳ್ಳಬೇಡಿ, ಮಲ ತಡೆದು ಹಿಡಿಯುತ್ತದೆ. ಜಾಗವನ್ನು ಮಾತ್ರ ಬದಲಿಸಿ: ಡಯಾಪರ್ ಹಾಕಿಕೊಂಡು ಬಚ್ಚಲಿನ ಒಳಗೆ ನಿಂತು, ಆಮೇಲೆ ಹಾಕಿಕೊಂಡೇ ಮುಚ್ಚಿದ ಕಮೋಡಿನ ಮೇಲೆ ಕೂತು, ಆಮೇಲೆ ತೆರೆದ ಕಮೋಡಿನ ಮೇಲೆ. ಆಮೇಲೆ ಡಯಾಪರಿನ ತಳದಲ್ಲಿ ಒಂದು ತೂತು, ದಿನ ಹೋದ ಹಾಗೆ ತೂತು ದೊಡ್ಡದು. ಪ್ರತಿ ಮೆಟ್ಟಿಲಿಗೂ ಒಂದೆರಡು ವಾರ ಕೊಡಿ. ಬೈಯುವುದು, ನಾಚಿಸುವುದು ಯಾವ ಮೆಟ್ಟಿಲಿನಲ್ಲೂ ಬೇಡ.

ಪೊಸಡಿಗುಂಪೆ
ಇಷ್ಟು ಹೊತ್ತಾದರೂ ಬಾವಿಯ ಮಾತು ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆಟಿಸಂ ಇರುವ ಮಕ್ಕಳು ಹೇಳದೆ ಹೊರಟುಹೋಗುವುದು ಸಾಮಾನ್ಯ, ನೀರಿನ ಸೆಳೆತ ಬಲವಾದದ್ದು. ನಮ್ಮ ಊರೋ ನೀರಿನ ಊರು: ಅಂಗಳದ ಬಾವಿ, ತೋಟದ ಕೆರೆ, ಮದಕ, ಸುರಂಗದ ಬಾಯಿ, ಮಳೆಗಾಲದಲ್ಲಿ ತುಂಬಿ ಹರಿಯುವ ಅಡಿಕೆ ತೋಟದ ಕಣಿ.

ಬಾವಿಕಟ್ಟೆ ಎತ್ತರ ಉಂಟು ಎಂದು ಧೈರ್ಯ ಬೇಡ. ಬದಿಯಲ್ಲಿ ಕವುಚಿಟ್ಟ ಬಾಲ್ದಿಯೋ ಒಗೆಯುವ ಕಲ್ಲೋ ಇದ್ದರೆ ಅದೇ ಏಣಿ. ಕಬ್ಬಿಣದ ಸರಳಿನ ಮುಚ್ಚಳ, ಬೀಗ, ಕಟ್ಟೆಯಿಂದ ನಾಲ್ಕು ಅಡಿ ಸುತ್ತ ಏನೂ ಇಡಬಾರದು. ಬಾಗಿಲಿಗೆ ಐದೂವರೆ ಅಡಿ ಎತ್ತರದಲ್ಲಿ ಮೇಲಿನ ಚಿಲಕ, ಜೊತೆಗೆ ಸಣ್ಣ ಗಂಟೆ. ಒಳಗಿಂದ ಬೀಗ ಹಾಕಿ ಕೀಲಿ ಎಲ್ಲೋ ಇಡುವುದು ಬೇಡ, ಬೆಂಕಿ ಬಿದ್ದರೆ ಯಾರಿಗೂ ಹೊರಗೆ ಬರಲಾಗದು.

ಮಗು ಕಾಣದಿದ್ದರೆ ಮೊದಲು ನೀರಿನ ಕಡೆ ಓಡಿ. ಒಬ್ಬರು ಬಾವಿ, ಒಬ್ಬರು ಕೆರೆ, ಒಬ್ಬರು ರಸ್ತೆ ಅಥವಾ ರೈಲುಪಟ್ಟಿ, ಒಬ್ಬರು ಮನೆಯಲ್ಲೇ. ಯಾರು ಎಲ್ಲಿಗೆ ಎಂದು ಇವತ್ತೇ ಹಂಚಿಕೊಳ್ಳಿ. ಹೆಸರು ಕೂಗಿದರೆ ಓಗೊಡದಿರಬಹುದು. ಇಷ್ಟದ ಹಾಡನ್ನು ಫೋನಿನಲ್ಲಿ ಜೋರಾಗಿ ಹಾಕಿ ಹುಡುಕಿ. ಐದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098.

ಈಗಲೇ ಒಂದು ಹಾಳೆ ಮಾಡಿ: ಇದೇ ತಿಂಗಳು ತೆಗೆದ ಫೋಟೋ, ಎತ್ತರ, ಹೆಸರಿಗೆ ತಿರುಗುತ್ತದೋ ಇಲ್ಲವೋ, ಎಲ್ಲಿಗೆ ಹೋಗಲು ಇಷ್ಟ, ಯಾವುದಕ್ಕೆ ಹೆದರುತ್ತದೆ, ಯಾವ ಭಾಷೆ ಅರ್ಥವಾಗುತ್ತದೆ, ಎರಡು ಫೋನ್ ನಂಬರ್. ಸುತ್ತಲಿನ ಐದು ಮನೆಗೆ, ಅಂಗಡಿಗೆ, ರಿಕ್ಷಾ ಸ್ಟ್ಯಾಂಡಿಗೆ ಕೊಟ್ಟಿಡಿ.

ಅಡ್ಕಸ್ಥಳ
ಇದನ್ನು ಎಲ್ಲರೂ ಉಳಿಸಿಟ್ಟುಕೊಳ್ಳಿ ಅಣ್ಣ ಅಕ್ಕಂದಿರೇ. ಇನ್ನು ಕಾಗದಪತ್ರದ ವಿಚಾರ ತಿಳಿದವರು ಬರೆಯಿರಿ. ಆಟಿಸಂಗೆ ಸ್ಟೆಮ್ ಸೆಲ್ (ಕಾಂಡಕೋಶ) ಚಿಕಿತ್ಸೆ ಮಾಡಿಸಬಹುದೋ ಎಂದೂ ಒಬ್ಬರು ಕೇಳಿದ್ದಾರೆ.

ಚಂದ್ರಗಿರಿ ತೀರ
2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ ಒಂದು. ವೈಕಲ್ಯ ಶೇ. 40 ಅಥವಾ ಮೇಲ್ಪಟ್ಟರೆ ಹೆಚ್ಚಿನ ಸೌಲಭ್ಯ. ಅಳೆಯಲು ಬಳಸುವ ಐಸಾ (ISAA) ಎಂಬ ಆಟಿಸಂ ಪ್ರಶ್ನಾವಳಿಯಲ್ಲಿ 40 ಅಂಶ. ಒಟ್ಟು ಅಂಕ 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಪರೀಕ್ಷೆ ಮಾಡುವ ಹೊಸ ಕೋಣೆಯಲ್ಲಿ ಮಗು ಮನೆಯಲ್ಲಿರುವ ಹಾಗೆ ಇರುವುದಿಲ್ಲ. ಊಟ, ಆಟ, ಹೆಸರು ಕರೆದಾಗ, ಹಟ ಹಿಡಿದಾಗ, ಒಂದೊಂದಕ್ಕೆ ಎರಡು ನಿಮಿಷದ ವಿಡಿಯೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿಗೆ ಅರ್ಜಿ ಆನ್‌ಲೈನ್. ಆಧಾರಿನಲ್ಲೂ ಜನನ ಪತ್ರದಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೋ ನೋಡಿ. ಕನ್ನಡದ ಹೆಸರು ಮಲಯಾಳಕ್ಕೂ ಇಂಗ್ಲಿಷಿಗೂ ಹೋಗುವಾಗ ಬದಲಾಗಿರುತ್ತದೆ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲೂ ಆಟಿಸಂ ಸೇರಿದೆ. ಅದರ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ. 18 ದಾಟಿದ ಮೇಲೆ ಕಾನೂನುಬದ್ಧ ಪಾಲಕತ್ವಕ್ಕೆ ಕಲೆಕ್ಟರ್ ನೇತೃತ್ವದ ಸ್ಥಳೀಯ ಸಮಿತಿ. ಪೂರ್ಣ ಹೊತ್ತು ನೋಡಿಕೊಳ್ಳುವವರಿಗೆ ಕೇರಳದ ಆಶ್ವಾಸಕಿರಣಂ, ತಿಂಗಳಿಗೆ 600 ರೂಪಾಯಿ ಎಂದು ಇರುವ ಯೋಜನೆ. ಶಾಲೆಗೆ ಹೋಗಲಾಗದ ಮಗುವಿಗೆ ಸಮಗ್ರ ಶಿಕ್ಷಾ ಯೋಜನೆಯ ಬ್ಲಾಕ್ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಿಂದ ಮನೆಗೇ ಬಂದು ಕಲಿಸುವ ವ್ಯವಸ್ಥೆ ಉಂಟು. ಕನ್ನಡ ಬಲ್ಲವರನ್ನು ಕಳಿಸಿ ಎಂದು ಅರ್ಜಿಯಲ್ಲೇ ಬರೆಯಿರಿ. 1969ರ ಕೇರಳ ರಾಜಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಪ್ರಮಾಣಪತ್ರ ಸಿಗುವವರೆಗೆ ಮನೆಯ ಕೆಲಸ ನಿಲ್ಲಿಸಬೇಡಿ, ಮನೆಯ ಚಿತ್ರದ ಕಾರ್ಡಿಗೆ ಯಾರ ಸಹಿಯೂ ಬೇಡ.

ಮಧುವಾಹಿನಿ
ಸ್ಟೆಮ್ ಸೆಲ್ ಬೇಡ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ರಕ್ತದಿಂದ ಲೋಹ ತೆಗೆಯುತ್ತೇವೆ ಎನ್ನುವ ಕೀಲೇಶನ್ ಇನ್ನೂ ಅಪಾಯದ್ದು. ಕ್ಯಾಲ್ಸಿಯಂ ಕುಸಿದು ಜೀವವೇ ಹೋಗಬಹುದು. ಗೋಧಿ, ಹಾಲು ಬಿಡಿಸುವ ಪಥ್ಯದಿಂದ ಆಟಿಸಂ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಮೊದಲೇ ನಾಲ್ಕೇ ಬಗೆ ತಿನ್ನುವ ಮಗುವಿನಿಂದ ಹಾಲನ್ನೂ ಕಿತ್ತುಕೊಂಡರೆ ಉಳಿಯುವುದೇನು?

ಹೊಸ ಆಹಾರ ಕಲಿಸುವುದಾದರೆ ತಿನ್ನಿಸಲು ಹೋಗಬೇಡಿ. ಕುಚ್ಚಲಕ್ಕಿ ಗಂಜಿಯ ಬಟ್ಟಲು ಹಾಗೇ ಇರಲಿ, ಬೇರೆ ಸಣ್ಣ ಬಟ್ಟಲಿನಲ್ಲಿ ಒಂದು ತುಂಡು ಬೆಂದ ಕ್ಯಾರೆಟ್. ಮೊದಲು ಅದು ಎದುರಿಗಿದ್ದರೂ ಕೂರುವುದು, ಆಮೇಲೆ ಮುಟ್ಟುವುದು, ಮೂಸುವುದು, ನಾಲಿಗೆಗೆ ತಾಗಿಸುವುದು. ಉಗಿದರೂ ಸರಿ. ಇಷ್ಟದ ಗಂಜಿಯಲ್ಲಿ ಮದ್ದು ಮುಚ್ಚಿ ಕೊಡಬೇಡಿ. ಒಮ್ಮೆ ಕಹಿ ಸಿಕ್ಕಿದರೆ ಗಂಜಿಯನ್ನೂ ಬಿಡುತ್ತದೆ.

ಕುಂಬ್ಡಾಜೆ
ಕೊನೆಗೊಂದು. ಅಂಗಿಗೆ ಹೊಲಿಯುವ ಗುರುತಿನ ಪಟ್ಟಿಯಲ್ಲಿ ಏನು ಬರೆಯುವುದು? ಕೊರಳಿಗೆ ಹಾಕಿದರೆ ಕಿತ್ತು ಬಿಸಾಡುತ್ತದೆ.

ಪೊಸಡಿಗುಂಪೆ
ಕೊರಳಿಗೆ ಬೇಡ, ಕೊಂಬೆಗೆ ಸಿಕ್ಕಿಕೊಂಡರೆ ಅಪಾಯ. ಕಾಲರಿನ ಒಳಬದಿಗೂ ಹೊಲಿಯಬೇಡಿ, ಕುತ್ತಿಗೆಗೆ ತುರಿಸಿ ಅಂಗಿಯನ್ನೇ ಬಿಚ್ಚುತ್ತದೆ. ಅಂಗಿಯ ಕೆಳಗಿನ ಅಂಚಿನಲ್ಲಿ, ಬೆನ್ನಿನ ಕಡೆ, ಹೊರಮೈಗೆ. ಮೆತ್ತಗಿನ ಹತ್ತಿ ಪಟ್ಟಿ, 2 ಸೆಂ.ಮೀ. ಅಗಲ, ನೀರಿಗೆ ಹೋಗದ ಶಾಯಿ. ಮೇಲಿನ ಸಾಲು ಕನ್ನಡದಲ್ಲಿ "ನನಗೆ ಮಾತು ಬರುವುದಿಲ್ಲ, ಮನೆಗೆ ಫೋನ್ ಮಾಡಿ", ಕೆಳಗೆ ಅದೇ ಮಾತು ಮಲಯಾಳ ಲಿಪಿಯಲ್ಲಿ, ಮತ್ತೆ ಎರಡು ನಂಬರ್. ಮಗುವಿನ ಹೆಸರು ಬರೆಯಬೇಡಿ, ಗುರುತಿಲ್ಲದವರು ಹೆಸರು ಹಿಡಿದು ಕರೆಯುವ ಹಾಗೆ ಆಗಬಾರದು. ಅಂಥ ಶಾಯಿಯಾದರೂ ಒಗೆದ ಹಾಗೆ ಅಕ್ಷರ ಮಾಸುತ್ತದೆ, ತಿಂಗಳ ಮೊದಲ ದಿನ ಒಮ್ಮೆ ಎಲ್ಲ ಅಂಗಿ ತಿರುಗಿಸಿ ನೋಡಿ.